ನೆವ್ ಗುಂಡಿ

ಹಾರ್ಟ್ಲ್‌ಪೂಲ್
೪ ಮಾರ್ಚ್ ೨೦೧೮

ನೆವಿಲ್ ಬ್ಲೂಮರ್ ಅವರಿಗೆ,

ನಾನು ಬ್ರಯೊನಿ ಟೀಸ್‌ಡೇಲ್. ಹೋದ ತಿಂಗಳು ಸ್ಲ್ಯಾಗ್ ಕ್ರೌನ್ ತಂಡಕ್ಕೆ ಬಂದ ಡ್ರಮ್ಮರ್. ನೀವು ಮೊದಲನೆಯವರು, ನಾನು ಏಳನೆಯವಳು. ನಡುವಿನ ಐವರಲ್ಲಿ ಯಾರೂ ನಿಲ್ಲಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹಾಡುವವರೂ ಬೇಸ್ ನುಡಿಸುವವರೂ ಬದಲಾಗುತ್ತ ಬಂದು, ಈಗ ನಿಮ್ಮ ಕಾಲದವರಲ್ಲಿ ಉಳಿದಿರುವುದು ಗಿಟಾರಿನ ಕ್ಲೈವ್ ಟ್ರ್ಯಾಂಟರ್ ಒಬ್ಬರೇ.

ನನ್ನನ್ನು ಇನ್ನೂ ಪೂರ್ತಿ ಸೇರಿಸಿಕೊಂಡಿಲ್ಲ. ಮೇ ಹನ್ನೆರಡಕ್ಕೆ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ತಂಡದ ತವರೂರಿನ ಕಾರ್ಯಕ್ರಮ ಇದೆ. “ಅಲ್ಲೀವರೆಗೂ ನೋಡ್ತೀನಿ, ಆಮೇಲೆ ಹೇಳ್ತೀನಿ,” ಅಂದಿದ್ದಾರೆ ಕ್ಲೈವ್. ನಾನು ಇಲ್ಲಿ ಟೌನ್ ಬಸ್ ಓಡಿಸುತ್ತಿದ್ದೆ. ಆ ಕೆಲಸ ಬಿಟ್ಟು ಹೋಗಿದ್ದೇನೆ. ಚಿಕ್ಕವಳಿದ್ದಾಗಿನಿಂದ ನಾನು ಬೇಕೆಂದು ಆಸೆಪಟ್ಟದ್ದು ಡ್ರಮ್ಮಿನ ಹಿಂದಿನ ಆ ಒಂದು ಸ್ಟೂಲನ್ನೇ. ಅದಕ್ಕೇ ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ಕೇಳಬೇಕಾದದ್ದು ‘ಗ್ರೇ ಆಂಕರ್’ ಹಾಡಿನ ಬಗ್ಗೆ. ನಟ್ಟನಡುವೆ ಎಲ್ಲ ವಾದ್ಯಗಳೂ ಒಟ್ಟಿಗೆ ನಿಲ್ಲುತ್ತವೆ. ನಿಶ್ಶಬ್ದ. ಆಮೇಲೆ ನಿಮ್ಮ ಆ ಏಟು. ಅಭಿಮಾನಿಗಳು ಆ ನಿಶ್ಶಬ್ದಕ್ಕೆ, ಹಾಡಿನ ನಡುವೆ ನೀವು ತೋಡಿದ ಹಳ್ಳ ಅನ್ನುವ ಹಾಗೆ, ‘ನೆವ್ ಗುಂಡಿ’ ಅಂತ ಹೆಸರಿಟ್ಟಿದ್ದಾರೆ. ವಾದ್ಯ ನಿಂತ ಕೂಡಲೇ ಸಭೆಯೆಲ್ಲ ಮುಷ್ಟಿ ಎತ್ತಿ ಹಿಡಿಯುತ್ತದೆ, ಏಟಿನ ಜೊತೆ ಇಳಿಸುತ್ತದೆ. ನಾನು ರೆಕಾರ್ಡಿನಲ್ಲಿ ಇರುವಷ್ಟೇ ಹೊತ್ತು ಎಣಿಸಿ ಹೊಡೆಯುತ್ತೇನೆ. ಆದರೂ ಅರ್ಧ ಮುಷ್ಟಿಗಳು ಮೊದಲೇ ಬೀಳುತ್ತವೆ, ಇನ್ನರ್ಧ ಆಮೇಲೆ. ಎಲ್ಲರೂ ನನ್ನ ಮುಖ ನೋಡುತ್ತಾರೆ.

ಬೆಣ್ಣೆ ಹಚ್ಚುವುದು ನನಗೆ ಬರುವುದಿಲ್ಲ. ಅದೇ ರೆಕಾರ್ಡಿನ ಎರಡನೇ ಹಾಡಿನಲ್ಲಿ ನೀವು ಲಯ ಮೀರಿ ಓಡುತ್ತೀರಿ. ಕೊನೆಗೆ ಗಿಟಾರು ನಿಮ್ಮ ಹಿಂದೆ ಏದುಸಿರು ಬಿಡುತ್ತ ಬರುತ್ತದೆ. ಆದರೆ ಗುಂಡಿ ಮಾತ್ರ ಬೇರೆ ಯಾರಿಂದಲೂ ಆಗಿಲ್ಲ. ಅದನ್ನು ಹೇಗೆ ಮಾಡಿದಿರಿ?

ಇಂತಿ,
ಬ್ರಯೊನಿ ಟೀಸ್‌ಡೇಲ್


ಕ್ರ್ಯಾಡ್ಲಿ ಹೀತ್
೧೨ ಮಾರ್ಚ್

ಹುಡುಗಿ,

ಫೋನ್ ಮಾಡದೆ ಕಾಗದ ಬರೆದೆಯಲ್ಲ, ಒಳ್ಳೆಯದಾಯಿತು. ನನ್ನ ಕಿವಿಯಲ್ಲಿ ಅರ್ಧವನ್ನು ಕುಲುಮೆ ಕಾರ್ಖಾನೆ ತಿಂದಿತು, ಉಳಿದರ್ಧವನ್ನು ಸ್ಲ್ಯಾಗ್ ಕ್ರೌನ್ ತಿಂದಿತು. ಈಗ ಪಕ್ಕದಲ್ಲಿ ಕೂತು ಕಿರುಚಿದರೂ ನನಗೆ ಕೇಳುವುದು ಅಷ್ಟಕ್ಕಷ್ಟೇ. ನನ್ನ ಹೆಂಡತಿ ಗ್ಲೆನಿಸ್ ಇದರ ಪೂರ್ಣ ಲಾಭ ಪಡೆಯುತ್ತಾಳೆ, ಬೈಯುವುದೆಲ್ಲ ನನ್ನ ಬೆನ್ನ ಹಿಂದೆ ನಿಂತು ಬೈಯುತ್ತಾಳೆ.

ಆ ಐವರಲ್ಲಿ ನಾಲ್ವರು ಹೀಗೇ ಬರೆದಿದ್ದರು. ಒಬ್ಬ ನನ್ನನ್ನು ದೇವರು ಅಂದ. ಇನ್ನೊಬ್ಬ ವಿಸ್ಕಿ ಬಾಟಲಿ ಕಳಿಸಿದ. ವಿಸ್ಕಿ ಕುಡಿದೆ. ಯಾರಿಗೂ ಉತ್ತರ ಬರೆಯಲಿಲ್ಲ. ನಿನ್ನದನ್ನೂ ಒಲೆಗೆ ಹಾಕುತ್ತಿದ್ದೆ, ಗ್ಲೆನಿಸ್ ಕಿತ್ತುಕೊಂಡು ಓದಿ ನಕ್ಕಳು. “ನೀನು ಓಡ್ತೀಯ ಅಂತ ನಾನು ಅವತ್ತೇ ಹೇಳಿರ್ಲಿಲ್ವ? ಈ ಹುಡುಗಿಗಾದ್ರೂ ಒಂದು ಉತ್ತರ ಬರಿ,” ಅಂದಳು.

ಎರಡನೇ ಹಾಡಿನ ವಿಷಯ. ಅವತ್ತು ಕೊನೆಯ ಬಸ್ಸಿಗೆ ಸ್ವಲ್ಪವೇ ಹೊತ್ತು ಉಳಿದಿತ್ತು. ನಮ್ಮ ಬೇಸ್ ನುಡಿಸುವ ಗಾರ್ಡನ್ ಬಾಗಿಲಿಗೇ ಕಣ್ಣು ನೆಟ್ಟಿದ್ದ. ಓಡಿದವನು ಅವನು, ನಾನು ಹಿಂದೆ ಹೋದೆ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನೀನು ಅಂದುಕೊಳ್ಳಬಹುದು, ಅಂದುಕೋ. ಗಾರ್ಡನ್ ಸತ್ತು ಬಹಳ ವರ್ಷವಾಯಿತು, ಎದುರು ಹೇಳುವವರಿಲ್ಲ.

ಗುಂಡಿಯ ವಿಷಯ ಹೇಳುವುದಿಲ್ಲ. ಯಾಕೆ ಅಂತಲೂ ಹೇಳಿಬಿಡುತ್ತೇನೆ. ಎಂಬತ್ನಾಲ್ಕರಲ್ಲಿ ಲಂಡನ್ನಿನಿಂದ ರೆಕಾರ್ಡ್ ಮಾಡಿಸಲು ಬಂದ ಒಬ್ಬನು ಮೇಜಿನ ಮೇಲೆ ಟಿಕ್ ಟಿಕ್ ಅನ್ನುವ ಯಂತ್ರ ಇಟ್ಟು, ಅದರ ಜೊತೆ ಬಾರಿಸು ಅಂದ. ನನಗೆ ಆಗಲಿಲ್ಲ. ನನ್ನನ್ನು ತೆಗೆದುಹಾಕಿದರು. ಕ್ಲೈವ್ ಆಗ ನಮ್ಮ ಬೀದಿಯಲ್ಲೇ ಇದ್ದ, ನಾಲ್ಕು ಮನೆ ಆಚೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಕಾರ್ಖಾನೆಯಲ್ಲಿ ದುಡಿದವರು. ಆ ಮಾತು ಹೇಳುವುದಕ್ಕೆ ತಾನು ಬರಲಿಲ್ಲ, ಮ್ಯಾನೇಜರನ್ನು ಕಳಿಸಿದ. ಅವನು ನಮ್ಮ ಅಡುಗೆಮನೆಯಲ್ಲಿ ಕೂತು ಟೀ ಕುಡಿದು, ಬಿಸ್ಕತ್ತು ತಿಂದು, ನನ್ನ ಕೆಲಸ ಹೋಯಿತು ಅಂತ ಹೇಳಿ ಹೋದ. ಅಂದಿನಿಂದ ಕ್ಲೈವ್‌ಗೂ ನನಗೂ ಮಾತಿಲ್ಲ.

ಹಾಡು ಅವರ ಹತ್ತಿರ ಉಳಿಯಿತು, ಹೆಸರು ಉಳಿಯಿತು, ಅಭಿಮಾನಿಗಳ ಅಂಗಿಯ ಮೇಲಿನ ಚಿತ್ರ ಉಳಿಯಿತು. ನನ್ನದು ಅಂತ ಆ ತಂಡದಲ್ಲಿ ಉಳಿದದ್ದು ಒಂದು ಗುಂಡಿ. ಅದನ್ನೂ ಕೊಟ್ಟರೆ ನಾನು ಅಲ್ಲಿ ಇದ್ದದ್ದಕ್ಕೆ ಗುರುತೇ ಇರುವುದಿಲ್ಲ. ನಿನ್ನ ಬಸ್ಸಿನ ಕೆಲಸ ಒಳ್ಳೆಯದು. ವಾಪಸ್ ಕೇಳಿ ನೋಡು.

ನೆವ್ ಬ್ಲೂಮರ್


ಶೆಫೀಲ್ಡ್
೨ ಏಪ್ರಿಲ್

ಬ್ಲೂಮರ್ ಅವರಿಗೆ,

ಉತ್ತರ ಬರೆದದ್ದಕ್ಕೆ ಗ್ಲೆನಿಸ್ ಅವರಿಗೆ ನನ್ನ ವಂದನೆ ಹೇಳಿ. ನೀವು ಕೊಟ್ಟ ಕಾರಣ ಸರಿಯಾಗಿದೆ. ನಾನು ನಿಮ್ಮ ಜಾಗದಲ್ಲಿದ್ದರೆ ವಿಸ್ಕಿಯನ್ನು ಮಾತ್ರ ಉತ್ತರ ಬರೆದೇ ಕುಡಿಯುತ್ತಿದ್ದೆ.

ನಿನ್ನೆ ಇಲ್ಲಿ ಬಾರಿಸಿದೆವು. ಗುಂಡಿಯಲ್ಲಿ ಮತ್ತೆ ಬಿದ್ದೆ. ಮುಂದಿನ ಸಾಲಿನಲ್ಲಿ ತಲೆ ಬೋಳಾದ ಒಬ್ಬರು, ಬೆನ್ನಿನ ತುಂಬ ತಂಡಗಳ ಹೆಸರಿನ ಬಿಲ್ಲೆ ಹೊಲಿದ ಹಳೆಯ ಜಾಕೆಟ್ಟಿನವರು, ಕೈ ಇಳಿಸಿ ಜೇಬಿನಲ್ಲಿ ಇಟ್ಟುಕೊಂಡುಬಿಟ್ಟರು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಆಮೇಲೆ ಹಿಂದಿನ ಕೋಣೆಯಲ್ಲಿ ಕ್ಲೈವ್ ಚಿಪ್ಸ್ ತಿನ್ನುತ್ತ ಕೂತಿದ್ದರು. “ನಾನು ಎಲ್ಲಿ ತಪ್ತಿದ್ದೀನಿ, ಹೇಳಿ,” ಅಂದೆ. “ತಪ್ಪು ಅಂತಲ್ಲ, ಸರಿ ಅಂತಲೂ ಅಲ್ಲ. ವಿನಿಗರ್ ಇತ್ತ ಕೊಡು,” ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ. ಬೇಸ್ ನುಡಿಸುವ ಡಂಕನ್ ನನ್ನ ಕಿವಿಯಲ್ಲಿ, “ನೀನು ಲಗೇಜು ಪೂರ್ತಿ ಬಿಚ್ಚಬೇಡ ಕಣೇ, ನಿನಗಿಂತ ಮುಂಚೆ ಇದ್ದವನೂ ಶೆಫೀಲ್ಡಲ್ಲೇ ಬಿಚ್ಚಿದ್ದ,” ಅಂದ. ತಮಾಷೆಗೆ ಅಂದದ್ದು. ನಾನು ನಗಲಿಲ್ಲ.

ಇನ್ನು ಗುಂಡಿಯ ವಿಷಯ ನಿಮ್ಮನ್ನು ಕೇಳುವುದಿಲ್ಲ. ಬೇರೆ ಒಂದು ಪ್ರಶ್ನೆ ಇದೆ. ಇಡೀ ಕಾರ್ಯಕ್ರಮದಲ್ಲಿ ಕ್ಲೈವ್ ಎಲ್ಲರ ಹತ್ತಿರವೂ ಹೋಗುತ್ತಾರೆ, ಹಾಡುವವನ ಹೆಗಲಿಗೆ ಒರಗುತ್ತಾರೆ, ಡಂಕನ್ ಜೊತೆ ಬೆನ್ನಿಗೆ ಬೆನ್ನು ಕೊಡುತ್ತಾರೆ. ನನ್ನ ಕಡೆ ಮಾತ್ರ ಒಂದು ಸಲವೂ ತಿರುಗುವುದಿಲ್ಲ. ಗುಂಡಿ ಬಂದಾಗಲಂತೂ ಕತ್ತು ಬಗ್ಗಿಸಿ ಬೂಟು ನೋಡುತ್ತ ನಿಲ್ಲುತ್ತಾರೆ. ಹಳೆಯ ವಿಡಿಯೊಗಳನ್ನೆಲ್ಲ ಹುಡುಕಿ ನೋಡಿದೆ. ಐವರಲ್ಲಿ ಯಾರ ಕಡೆಗೂ ತಿರುಗಿಲ್ಲ. ನಿಮ್ಮ ಕಾಲದ ವಿಡಿಯೊ ಸಿಗಲಿಲ್ಲ. ನಿಮ್ಮ ಕಡೆಗಾದರೂ ತಿರುಗುತ್ತಿದ್ದರೇ?

ಬ್ರಯೊನಿ


ಕ್ರ್ಯಾಡ್ಲಿ ಹೀತ್
೧೦ ಏಪ್ರಿಲ್

ಬ್ರಯೊನಿ,

ನಿನ್ನ ಕಾಗದ ಬಂದು ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ಓದಿದೆ, ಕಾಲುವೆ ದಂಡೆಯಲ್ಲಿ ನಡೆದು ಬಂದೆ, ಮತ್ತೆ ಓದಿದೆ. ಅವನು ಬೂಟು ನೋಡುತ್ತಾನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನು ಅವರ ಕಾರ್ಯಕ್ರಮಕ್ಕೆ ಒಂದು ಸಲವೂ ಹೋದವನಲ್ಲ.

ತಿರುಗುತ್ತಿದ್ದ. ಪ್ರತಿ ಸಲ ತಿರುಗುತ್ತಿದ್ದ. ತಿರುಗದೆ ಆ ಹಾಡು ಆಗುತ್ತಲೇ ಇರಲಿಲ್ಲ.

ಹೇಳುತ್ತೇನೆ, ಕೇಳು. ಎಪ್ಪತ್ತೊಂಬತ್ತರಲ್ಲಿ ಆ ರೆಕಾರ್ಡ್ ಮಾಡಿದ್ದು ನಮ್ಮ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ. ಗೋಡೆಯ ಆಚೆ ಯಂತ್ರದ ದೊಡ್ಡ ಸುತ್ತಿಗೆ. ಕಾದ ಕಬ್ಬಿಣ ಬಂದಾಗ ಮೇಲಕ್ಕೆ ಎತ್ತಿ ಬಿಡುತ್ತಿದ್ದರು, ಬಿದ್ದರೆ ಬೀದಿಯ ಕಿಟಕಿಗಳೆಲ್ಲ ಅದುರುತ್ತಿದ್ದವು. ಅವತ್ತು ಶನಿವಾರ, ಕೆಲಸ ಇರುವುದಿಲ್ಲ ಅಂದುಕೊಂಡಿದ್ದೆವು, ಇತ್ತು. ಹಾಡಿನ ನಡುವೆ ನಾನು ಕಿಟಕಿಯಲ್ಲಿ ನೋಡಿದೆ. ಕೆಂಪಗೆ ಕಾದ ಸರಳನ್ನು ಇಕ್ಕಳದಲ್ಲಿ ಹಿಡಿದು ತರುತ್ತಿದ್ದಾರೆ. ಸುತ್ತಿಗೆ ಮೇಲೆ ಹೋಯಿತು. ಈಗ ಬಿದ್ದರೆ ಟೇಪು ಹಾಳು. ನಾನು ಕೈ ಎತ್ತಿದವನು ಹಾಗೇ ಹಿಡಿದುಬಿಟ್ಟೆ. ಕ್ಲೈವ್ ಗಕ್ಕನೆ ತಿರುಗಿ ನನ್ನ ಮುಖ ನೋಡಿದ, ಅವನಿಗೂ ಅರ್ಥವಾಯಿತು, ತಂತಿಯ ಮೇಲೆ ಅಂಗೈ ಒತ್ತಿದ. ಗಾರ್ಡನ್ ಅವನನ್ನು ನೋಡಿ ನಿಂತ. ಹಾಡುವವನು ಪಬ್ಬಿನಲ್ಲಿದ್ದ, ಅವನ ಹಾಡು ಆಮೇಲೆ ಸೇರಿಸಿದ್ದು. ಮೂವರೂ ಕಾದೆವು. ಸುತ್ತಿಗೆ ಬಿತ್ತು, ನನ್ನ ಕೈಯೂ ಅದರ ಜೊತೆಗೇ ಬಿತ್ತು.

ಅಂದರೆ ಜನ ಹೊಗಳುವ ಆ ಏಟು ಪೂರ್ತಿ ನನ್ನದಲ್ಲ. ಅದರ ಅಡಿಯಲ್ಲಿ ಸುತ್ತಿಗೆಯ ಸದ್ದು ಇದೆ. ನೆವ್ ಬ್ಲೂಮರ್ ಕೈಯಲ್ಲಿ ಎಂಥ ಶಕ್ತಿ ಅಂತ ಪತ್ರಿಕೆಗಳಲ್ಲಿ ಬರೆದರು. ನಾವು ಮೂವರೂ ಬಾಯಿ ಮುಚ್ಚಿಕೊಂಡು ಒಳಗೊಳಗೇ ನಕ್ಕೆವು.

ನಿನ್ನ ತಪ್ಪು ಇಷ್ಟೇ. ನೀನು ಎಣಿಸುತ್ತೀಯ. ಐವರೂ ಎಣಿಸಿಯೇ ಇರಬೇಕು. ನಾನು ಎಣಿಸಲಿಲ್ಲ, ಕಾದೆ. ಎಣಿಸುವವಳ ಕೈ ಯಾವಾಗ ಬೀಳುತ್ತದೆ ಅಂತ ಅವಳಿಗೊಬ್ಬಳಿಗೇ ಗೊತ್ತು, ನೋಡುವವರಿಗೆ ತಿಳಿಯುವುದಿಲ್ಲ. ಕೈಯನ್ನು ಪೂರ್ತಿ ಮೇಲೆ ಎತ್ತು, ಹಿಂದಿನ ಸಾಲಿನವರಿಗೂ ಕಾಣಬೇಕು. ಹಾಗೇ ಹಿಡಿ. ಭಾರವಾಗಲಿ. ತೀರಾ ತಡವಾಯಿತು, ಮಾನ ಹೋಯಿತು ಅನ್ನಿಸುತ್ತದೆ, ಅನ್ನಿಸಲಿ, ಆಗಲೂ ಹೊಡೆಯಬೇಡ. ಕೈ ತಾನಾಗಿ ಬೀಳುತ್ತದೆ. ಬೀಳುವ ಕೈ ಎಲ್ಲರಿಗೂ ಕಾಣುತ್ತದೆ, ಅವರ ಕೈಯೂ ಜೊತೆಗೇ ಬೀಳುತ್ತದೆ.

ಇದನ್ನು ಬರೆಯುವುದಕ್ಕೆ ನನಗೆ ಸಂಕಟವಾಗುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಕೈಗೆ ಇದು ಹತ್ತಿದ ದಿನ ಅಲ್ಲಿ ನನ್ನ ಕಥೆ ಮುಗಿಯಿತು. ಹಾಗಾದರೆ ಯಾಕೆ ಕೊಟ್ಟೆ ಅಂತ ಗ್ಲೆನಿಸ್ ಕೇಳಿದಳು. ಒಬ್ಬ ಮನುಷ್ಯ ಇಷ್ಟು ವರ್ಷ ಬೂಟು ನೋಡುತ್ತ ನಿಂತಿದ್ದಾನೆ, ಅದು ನನಗೆ ಸರಿ ಕಾಣಲಿಲ್ಲ ಅಂದೆ. ಅವಳು ಮೂಗು ಮುರಿದು ಪಾತ್ರೆ ತೊಳೆಯಲು ಹೋದಳು.

ನಾನು ಹೇಳಿಕೊಟ್ಟೆ ಅಂತ ಕ್ಲೈವ್‌ಗೆ ತಿಳಿಯಬಾರದು. ಇದೊಂದು ಮಾತು ಉಳಿಸಿಕೋ.

ನೆವ್


ವುಲ್ವರ್‌ಹ್ಯಾಂಪ್ಟನ್
೧೩ ಮೇ

ನೆವ್ ಅವರಿಗೆ,

ನಾಲ್ಕು ವಾರದಿಂದ ತಾಲೀಮಿನಲ್ಲೂ ಸಣ್ಣ ಊರುಗಳಲ್ಲೂ ಕೈ ಎತ್ತಲು ನನಗೆ ಧೈರ್ಯ ಬರಲಿಲ್ಲ. ಎಣಿಸಿಯೇ ಹೊಡೆದೆ. ನಿನ್ನೆ ಮಾತ್ರ ಹೋದರೆ ಒಂದು ಕಲ್ಲು, ಬಂದರೆ ಒಂದು ಹಣ್ಣು ಅಂದುಕೊಂಡೆ.

ಸಭಾಂಗಣ ಕಿಕ್ಕಿರಿದಿತ್ತು. ಎಲ್ಲ ನಿಮ್ಮ ಊರಿನ ಕಡೆಯವರೇ. ಗುಂಡಿ ಬಂತು, ವಾದ್ಯಗಳು ನಿಂತವು, ಮುಷ್ಟಿಗಳು ಎದ್ದವು. ಬಲಗೈಯನ್ನು ಪೂರ್ತಿ ಮೇಲಕ್ಕೆ ಎತ್ತಿ ಹಿಡಿದೆ. ರೆಕಾರ್ಡಿನಷ್ಟು ಹೊತ್ತು ಕಳೆಯಿತು. ಅದರ ಎರಡರಷ್ಟು ಕಳೆಯಿತು. ಡಂಕನ್ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ. ನೀವು ಹೇಳಿದ್ದು ನಿಜ, ಮಾನ ಹೋಯಿತು ಅಂತಲೇ ಅನ್ನಿಸಿತು. ಎಲ್ಲೋ ಹಿಂದೆ ಒಬ್ಬರು ಕೆಮ್ಮಿದ್ದು ಕೇಳಿಸಿತು.

ಆಗ ಕ್ಲೈವ್ ತಿರುಗಿದರು. ಮೊದಲು ಕತ್ತು, ಆಮೇಲೆ ಇಡೀ ಮೈ. ನನ್ನ ಎತ್ತಿದ ಕೈ ನೋಡಿದರು, ನನ್ನ ಮುಖ ನೋಡಿದರು. ಹುಡುಕುತ್ತಿದ್ದದ್ದು ನನ್ನ ಮುಖವನ್ನಲ್ಲ, ಅದು ನನಗೆ ಗೊತ್ತಾಯಿತು, ಬೇಸರವೇನೂ ಆಗಲಿಲ್ಲ. ಅಷ್ಟರಲ್ಲಿ ಕೈ ಬಿತ್ತು. ಸಭೆಯ ಮುಷ್ಟಿಗಳೆಲ್ಲ ಅದರ ಜೊತೆ ಒಟ್ಟಿಗೆ ಬಿದ್ದವು. ನನ್ನ ಸ್ಟೂಲಿನ ಕೆಳಗೆ ನೆಲ ಅದುರಿತು. ಗೋಡೆಯ ಆಚೆ ನಿಮ್ಮ ಸುತ್ತಿಗೆ ಹೀಗೇ ಕೇಳಿಸುತ್ತಿತ್ತೋ ಏನೋ.

ಕಾರ್ಯಕ್ರಮ ಮುಗಿದ ಮೇಲೆ ಕ್ಲೈವ್, “ಯಾರು ಹೇಳ್ಕೊಟ್ರು?” ಅಂದರು. “ಯಾರೂ ಇಲ್ಲ, ರೆಕಾರ್ಡ್ ಕೇಳಿ ಕಲಿತೆ,” ಅಂದೆ. ಅವರು ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಒಬ್ಬರೇ ಕಾರು ಹತ್ತಿ ಹೊರಟುಹೋದರು. ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ, ಇನ್ನೂ ಹೇಳಿಲ್ಲ. ಕೊಟ್ಟ ಮಾತನ್ನಂತೂ ಉಳಿಸಿಕೊಂಡಿದ್ದೇನೆ.

ನಿಮ್ಮ
ಬ್ರಯೊನಿ


ಬ್ರಿಜ್‌ನಾರ್ತ್
೧೭ ಮೇ

ನೆವ್,

ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಸುತ್ತಿಗೆಯ ವಿಷಯ ಗೊತ್ತಿದ್ದದ್ದು ಮೂವರಿಗೆ. ಗಾರ್ಡನ್ ಹೋದ. ನಾನು ಹೇಳಿಲ್ಲ. ಉಳಿದವನು ನೀನು.

ನಾನು ಹೇಳಿಲ್ಲ ಅಂದೆನಲ್ಲ, ಅದನ್ನೇ ಬರೆಯಬೇಕು ಅಂತ ಕೂತಿದ್ದೇನೆ. ಐದು ಜನ ಬಂದು ಹೋದರು. ಐವರೂ ನನ್ನ ಮುಂದೆ ನಿಂತು, ಎಲ್ಲಿ ತಪ್ಪುತ್ತಿದ್ದೇನೆ ಅಂತ ಕೇಳಿದರು. ಎಣಿಸಬೇಡ, ಕಾಯಿ, ಅಂತ ಎರಡು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮುಷ್ಟಿ ತಪ್ಪಿ ಬಿದ್ದಾಗಲೆಲ್ಲ ನನಗೆ ಸಮಾಧಾನವಾಗುತ್ತಿತ್ತು. ಆ ಜಾಗ ಇನ್ನೂ ನೆವ್‌ನದೇ, ತುಂಬಿಲ್ಲ ಅನ್ನಿಸುತ್ತಿತ್ತು. ಮೊದಲನೆಯವನ ಕಾಲದಲ್ಲಿ, ನೀನು ವಾಪಸ್ ಬಂದುಬಿಡುತ್ತೀಯ ಅಂತಲೇ ಇದ್ದೆ. ಆಮೇಲೆ ಅದು ಅಭ್ಯಾಸವಾಯಿತು. ತಿರುಗಿದರೆ ಅಲ್ಲಿ ಬೇರೆ ಯಾರೋ ಕೂತಿರುತ್ತಾರೆ ಅಂತ ತಿರುಗಲೂ ಇಲ್ಲ.

ಶನಿವಾರ ಅಷ್ಟು ಹೊತ್ತು ಏಟು ಬೀಳಲಿಲ್ಲ, ನೋಡು. ಅಷ್ಟು ಹೊತ್ತು ಕಾಯುವವನು ನೀನೊಬ್ಬನೇ. ನೀನೇ ಬಂದು ಕೂತಿದ್ದೀಯ ಅಂದುಕೊಂಡೆ. ಅರವತ್ತು ದಾಟಿದ ಮನುಷ್ಯ, ಗಿಟಾರು ಕೊರಳಲ್ಲಿ ಹಾಕಿಕೊಂಡು, ಸಾವಿರ ಜನರ ಮುಂದೆ ಹಾಗಂದುಕೊಂಡು ತಿರುಗಿದೆ.

ಹುಡುಗಿ ಒಳ್ಳೆಯವಳು. ಅವಳನ್ನು ಇಟ್ಟುಕೊಂಡರೆ ಆ ಜಾಗ ತುಂಬಿದ ಹಾಗೆ. ಆದ್ದರಿಂದ ನೀನು ಹೇಳು, ಇಟ್ಟುಕೊಳ್ಳಲೋ ಬೇಡವೋ. ನಿನ್ನ ಮಾತಿಲ್ಲದೆ ಮಾಡುವುದಿಲ್ಲ. ಕೂತು ಮಾತಾಡಬೇಕಾದದ್ದೂ ಬಹಳ ಇದೆ. ನೀನು ಒಪ್ಪಿದರೆ ಗುರುವಾರ ಕಾರು ಕಳಿಸುತ್ತೇನೆ, ನಮ್ಮ ಡಂಕನ್ ಬಂದು ನಿನ್ನನ್ನೂ ಗ್ಲೆನಿಸ್‌ಳನ್ನೂ ಇಲ್ಲಿಗೆ ಕರೆದುಕೊಂಡು ಬರುತ್ತಾನೆ.

ಕ್ಲೈವ್


ಕ್ರ್ಯಾಡ್ಲಿ ಹೀತ್
೨೧ ಮೇ

ಕ್ಲೈವ್,

ಹುಡುಗಿಯನ್ನು ಇಟ್ಟುಕೋ. ಇವತ್ತೇ ಹೇಳು, ಅವಳನ್ನು ಇನ್ನೂ ಕಾಯಿಸಬೇಡ. ಅವಳ ಹಿಂದೆ ನಾನಿದ್ದೇನೆ ಅಂತ ಹುಡುಕುವುದನ್ನೂ ಬಿಡು. ಅವಳು ನನಗಿಂತ ಹೆಚ್ಚು ಹೊತ್ತು ಕಾದಳು. ನನಗಾದರೂ ಸುತ್ತಿಗೆ ಕಾಣುತ್ತಿತ್ತು, ಅವಳಿಗೆ ಏನೂ ಕಾಣುತ್ತಿರಲಿಲ್ಲ. ಅವಳ ಏಟು ನನಗೆ ಎಂದೂ ಕೇಳಿಸುವುದಿಲ್ಲ, ಆದರೆ ನೀನು ತಿರುಗಿದೆ ಅಂದಮೇಲೆ ಅದು ಸರಿಯಾಗಿಯೇ ಇರಬೇಕು.

ನಿನ್ನ ಕಾಗದವನ್ನು ಗ್ಲೆನಿಸ್ ಎರಡು ಸಲ ಓದಿದಳು. “ಇಬ್ಬರೂ ಸೇರಿ ಒಂದು ಗುಂಡಿ ಕಾಯ್ಕೊಂಡು ಕೂತಿದ್ರಲ್ಲ, ಕತ್ತೆಗಳಾ. ಆ ಐದು ಜನ ನಿಮಗೇನು ಮಾಡಿದ್ರು?” ಅಂದಳು. ಈ ಸಲ ಎದುರಿಗೇ ನಿಂತು ಅಂದಳು, ತುಟಿ ನೋಡಿ ತಿಳಿದುಕೊಂಡೆ. ಅದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ತೆಗೆದುಕೊಂಡು ಬಾ.

ಕಾರಿನ ವಿಷಯ. ಮೊಂಡಾ, ಇಷ್ಟು ವರ್ಷ ಕಳೆದರೂ ನಿನಗೆ ಬುದ್ಧಿ ಬರಲಿಲ್ಲ. ಮತ್ತೆ ಯಾರನ್ನೋ ಕಳಿಸುತ್ತೇನೆ ಅನ್ನುತ್ತೀಯ. ಡಂಕನ್ ಬೇಡ, ಕಾರು ಬೇಡ. ಗುರುವಾರ ನೀನೇ ಬಾ. ನಾಲ್ಕು ಮನೆ ಆಚೆ ಇದ್ದಾಗ ಬರಲಿಲ್ಲ, ಈಗ ಬ್ರಿಜ್‌ನಾರ್ತ್‌ನಿಂದ ಬಾ. ಗ್ಲೆನಿಸ್ ಬೂದು ಬಟಾಣಿ ಮತ್ತು ಬೇಕನ್ ಬೇಯಿಸುತ್ತಾಳೆ, ನೀನು ಪೋರ್ಕ್ ಸ್ಕ್ರ್ಯಾಚಿಂಗ್ಸ್ ತಾ, ಮಾರುಕಟ್ಟೆಯಲ್ಲಿ ಸಿಗುವ ಹುರಿದ ಹಂದಿಚರ್ಮ, ಗಟ್ಟಿಯದು. ಫುಟ್‌ಬಾಲಿನಲ್ಲಿ ನಿಮ್ಮ ವುಲ್ವ್ಸ್ ಮೇಲಿನ ಲೀಗಿಗೆ ಬಂದರು, ನಮ್ಮ ಆಲ್ಬಿಯನ್ ಕೆಳಗೆ ಹೋದರು ಅಂತ ಬಾಗಿಲಲ್ಲೇ ಶುರುಮಾಡಬೇಡ.

ಬೆಲ್ ಒತ್ತಿದರೆ ನನಗೆ ಕೇಳುವುದಿಲ್ಲ. ಬಾಗಿಲಿಗೆ ಜೋರಾಗಿ ಒಂದು ಏಟು ಹಾಕು, ನೆಲ ಅದುರಿದರೆ ನನಗೆ ತಿಳಿಯುತ್ತದೆ. ಮೊಣಕಾಲು ನೋವು, ಎದ್ದು ಬರುವುದು ತಡವಾಗುತ್ತದೆ. ಯಾರೂ ಇಲ್ಲ ಅಂತ ಹೊರಟುಹೋಗಬೇಡ. ಅಲ್ಲೇ ನಿಂತು ಕಾಯಿ, ಬರುತ್ತೇನೆ.

ನೆವ್